ದಾರಿ ಕೇಳುತ್ತಾ ತೀರ್ಥಹಳ್ಳಿಗೆ

ಸೆಪ್ಟೆಂಬರ್ ಕೊನೆಯ ವಾರ ಬೈಕಿನಲ್ಲಿ ಒಬ್ಬನೇ ಬೆಂಗಳೂರಿನಿಂದ ತೀರ್ಥಹಳ್ಳಿ ಕಡೆಗೆ ಹೋಗಿ ಬಂದೆ. ನಾಲ್ಕು ದಿನ. ಫೋನನ್ನು ಆಫ್ ಮಾಡಿ ಮನೆಯ ಬೀರುವಿನಲ್ಲಿ ಇಟ್ಟು ಹೊರಟಿದ್ದೆ.

ಯುಪಿಐ ಇರುವುದಿಲ್ಲವಲ್ಲ, ಅದಕ್ಕೆ ನೂರು, ಐವತ್ತರ ನೋಟುಗಳನ್ನೇ ಜಾಸ್ತಿ ಇಟ್ಟುಕೊಂಡೆ. ಡಿಎಲ್, ಆರ್‌ಸಿ, ಇನ್ಶೂರೆನ್ಸ್ ಕಾಗದಗಳನ್ನು ಹುಡುಕಿ ತೆಗೆದೆ. ಪುಟ್ಟ ಡೈರಿಯಲ್ಲಿ ಊರುಗಳ ಹೆಸರು ಸಾಲಾಗಿ ಬರೆದುಕೊಂಡೆ: ತುಮಕೂರು, ತಿಪಟೂರು, ಅರಸೀಕೆರೆ, ಕಡೂರು, ಬೀರೂರು, ತರೀಕೆರೆ, ಭದ್ರಾವತಿ, ಶಿವಮೊಗ್ಗ. ಅದೇ ಪಟ್ಟಿ ಮನೆಯಲ್ಲೂ ಬಿಟ್ಟೆ. ಒಬ್ಬರೇ ಹೋಗುವವರು ಇದನ್ನು ಮರೆಯಲೇಬಾರದು. ಕತ್ತಲಾಗುವ ಮೊದಲು ಲಾಡ್ಜ್ ಸೇರಬೇಕು, ಅಲ್ಲಿನ ಫೋನಿನಿಂದ ಮನೆಗೆ ಮಾತಾಡಬೇಕು. ಇದು ಅಪ್ಪ ಹಾಕಿದ ಷರತ್ತು.

ಶಿವಮೊಗ್ಗದವರೆಗೆ ಸುಮಾರು 300 ಕಿ.ಮೀ. ಬೋರ್ಡು ನೋಡಿಕೊಂಡೇ ಹೋದೆ. ರಾತ್ರಿ ಅಲ್ಲೇ ಉಳಿದೆ.

ಮರುದಿನ ಮಂಡಗದ್ದೆಯಲ್ಲಿ ಬೈಕ್ ನಿಲ್ಲಿಸಿದೆ. ತುಂಗೆಯ ನಡುಗಡ್ಡೆಯ ಮರಗಳ ತುಂಬ ಬೆಳ್ಳಕ್ಕಿ ಗೂಡು. ಕೈ ತಾನಾಗಿಯೇ ಜೇಬಿಗೆ ಹೋಯಿತು. ಫೋಟೋ ತೆಗೆಯಲು ಏನೂ ಇಲ್ಲ. ಸುಮ್ನೆ ನೋಡುತ್ತಾ ನಿಂತೆ. ಒಂದು ಮರಿ ತಾಯಿಯ ಕೊಕ್ಕನ್ನೇ ಕಚ್ಚಿ ಕೆಳಗೆ ಎಳೆಯುತ್ತಿತ್ತು. ತಾಯಿ ಬಾಯಿ ತೆರೆಯುವವರೆಗೂ ಬಿಡಲಿಲ್ಲ.

ನಿಜವಾದ ಕಷ್ಟ ಶುರುವಾಗಿದ್ದು ತೀರ್ಥಹಳ್ಳಿ ದಾಟಿದ ಮೇಲೆ. ಕುಪ್ಪಳಿಗೆ ಹೋಗಬೇಕು. ದಾರಿ ಎರಡಾಗಿ ಒಡೆದಿತ್ತು, ಬೋರ್ಡು ಕಾಣಲಿಲ್ಲ. ಎದುರಿನ ಅಂಗಡಿಯಲ್ಲಿ ಮೂರು ಜನ ಕೂತಿದ್ದರು. ಕೇಳಿದರೆ ಮುಗಿಯಿತು, ಅಲ್ವಾ? ನನಗೆ ಬಾಯಿ ಬರಲಿಲ್ಲ. ಸುಮ್ನೆ ಒಂದು ದಾರಿ ಹಿಡಿದು ಮುಂದೆ ಹೋದೆ.

ಹೋಗುತ್ತಾ ಅಪ್ಪನ ಸ್ಕೂಟರ್ ನೆನಪಾಯಿತು. ಅಪ್ಪ ಪ್ರತಿ ತಿರುವಿನಲ್ಲೂ ನಿಲ್ಲಿಸಿ ದಾರಿ ಕೇಳುತ್ತಿದ್ದರು. ಗೊತ್ತಿದ್ದ ದಾರಿಯನ್ನೂ ಕೇಳುತ್ತಿದ್ದರು. ಹಿಂದೆ ಕೂತ ನನಗೆ ನಾಚಿಕೆ. ದೊಡ್ಡವನಾದ ಮೇಲೆ ನಾನು ಹೀಗೆ ಕೇಳಬಾರದು ಅಂದುಕೊಂಡಿದ್ದೆ. ಫೋನು ಬಂದ ಮೇಲೆ ಕೇಳುವ ಅಗತ್ಯವೇ ಬರಲಿಲ್ಲ.

ಒಂದು ಮನೆಯಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದ ಅಜ್ಜಿ ಕಂಡರು. ಇಳಿದು ಕೇಳಿದೆ. ‘ಇದೇ ದಾರೀನಾ?’ ಅಂದಾಗ ಅವರು ಹೂಂ ಅಂದರು. ಅನುಮಾನ ಬಂದು ‘ಕುಪ್ಪಳಿಗೆ ಯಾವ ಕಡೆ ಹೋಗ್ಬೇಕು ಅಜ್ಜಿ?’ ಅಂತ ಇನ್ನೊಮ್ಮೆ ಕೇಳಿದೆ. ಈಗ ಕತ್ತಿ ಪಕ್ಕಕ್ಕಿಟ್ಟು ಎದ್ದು ಬಂದರು, ನಾನು ಬಂದ ದಿಕ್ಕಿಗೇ ಕೈ ತೋರಿಸಿದರು. ಆಮೇಲೆ ಹೋದಲ್ಲೆಲ್ಲ ಎರಡನೇ ರೀತಿಯಲ್ಲೇ ಕೇಳಿದೆ. ಒಮ್ಮೆಯೂ ತಪ್ಪಲಿಲ್ಲ.

‘ಆಸರಿಗೆ ಬೇಕಾ?’ ಅಂದ ಅಜ್ಜಿ ನನ್ನ ಉತ್ತರಕ್ಕೆ ಕಾಯದೆ ಒಂದು ಚೊಂಬು ನೀರು, ಒಂದು ತುಂಡು ಬೆಲ್ಲ ತಂದುಕೊಟ್ಟರು.

ಕವಿಶೈಲದ ಬಂಡೆಯ ಮೇಲೆ ಮಧ್ಯಾಹ್ನದವರೆಗೆ ಕೂತೆ. ಕುವೆಂಪು ಅವರ ಸಮಾಧಿ ಇರುವುದೂ ಅಲ್ಲೇ. ಎದುರಿಗೆ ಒಂದರ ಹಿಂದೊಂದು ಹಸಿರು ಗುಡ್ಡ. ಅಪ್ಪನನ್ನು ನಾನು ಏನನ್ನಾದರೂ ಕೇಳಿ ಎಷ್ಟು ವರ್ಷ ಆಯಿತು ಅಂತ ಲೆಕ್ಕ ಹಾಕಿದೆ. ಅವರು ‘ಊಟ ಆಯ್ತಾ’ ಅನ್ನುತ್ತಾರೆ, ನಾನು ‘ಆಯ್ತು’ ಅನ್ನುತ್ತೇನೆ. ಅಷ್ಟೇ.

ಅವತ್ತು ಸಂಜೆ ಲಾಡ್ಜಿನ ಫೋನಿನಿಂದ ಕೇಳಿದೆ: ‘ಅಪ್ಪ, ವಾಪಸ್ ಬರೋಕೆ ಬೇರೆ ಯಾವ ದಾರಿ ಚೆನ್ನಾಗಿದೆ?’

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ‘ಪೆನ್ನು ಇದೆಯಾ? ಬರ್ಕೊ.’

ಕೊಪ್ಪ, ಬಾಳೆಹೊನ್ನೂರು, ಚಿಕ್ಕಮಗಳೂರು, ಹಾಸನ. ಎಲ್ಲಿ ಕಾಫಿ ಕುಡಿಯಬೇಕು, ಯಾವ ತಿರುವಿನಲ್ಲಿ ಹುಷಾರಾಗಿರಬೇಕು, ಎಲ್ಲ ಹೇಳಿದರು. ಡೈರಿಯ ಒಂದೂವರೆ ಪುಟ ತುಂಬಿತು.