ಎಚ್‌ಆರ್ ಓದಲು ಬ್ರಿಟನ್‌ಗೆ: ಮುಂಬೈ ಕನ್ನಡಿಗರ ಮಕ್ಕಳು ಹೇಗೆ ತಯಾರಾಗಬೇಕು?

ಡೊಂಬಿವಲಿ, ಮುಲುಂಡ್, ಮೀರಾ ರೋಡ್ ಕಡೆಯ ನಮ್ಮವರ ಮನೆಗಳಲ್ಲಿ ಬಿಕಾಂ, ಬಿಎಂಎಸ್ ಮುಗಿಸಿದ ಮಕ್ಕಳು ಎಚ್‌ಆರ್ (ಮಾನವ ಸಂಪನ್ಮೂಲ ನಿರ್ವಹಣೆ) ಓದಲು ಬ್ರಿಟನ್‌ಗೆ ಹೋಗುವ ಮಾತಾಡುತ್ತಾರೆ. ಎಂಎಸ್‌ಸಿ ಅಲ್ಲಿ ಒಂದೇ ವರ್ಷ. ಒಳ್ಳೆಯದೇ. ಆದರೆ ಅರ್ಜಿ ಹಾಕುವ ಮೊದಲು ಮನೆಯವರೆಲ್ಲ ಕೂತು ಒಂದು ವಿಷಯ ತೀರ್ಮಾನಿಸಿ: ಓದಿದ ಮೇಲೆ ಕೆಲಸ ಮಾಡುವುದು ಎಲ್ಲಿ?

ಎಚ್‌ಆರ್ ಕೆಲಸಕ್ಕೆ ಆಯಾ ದೇಶದ ಕಾನೂನು ಗೊತ್ತಿರಲೇಬೇಕು. ಅಲ್ಲಿ ಓದುವುದು 1996ರ ಎಂಪ್ಲಾಯ್‌ಮೆಂಟ್ ರೈಟ್ಸ್ ಆ್ಯಕ್ಟ್, 2010ರ ಈಕ್ವಾಲಿಟಿ ಆ್ಯಕ್ಟ್. ನಮ್ಮ ಪಿಎಫ್, ಇಎಸ್‌ಐ, ಗ್ರಾಚ್ಯುಟಿ ಅಲ್ಲಿ ಯಾರೂ ಹೇಳಿಕೊಡುವುದಿಲ್ಲ. ವಾಪಸ್ ಬಂದು ಠಾಣೆಯಲ್ಲೋ ಪುಣೆ ಹತ್ತಿರದ ಚಾಕಣ್‌ನಲ್ಲೋ ಕೆಲಸ ಮಾಡುವ ಆಸೆಯಿದ್ದರೆ, ಮುಂಬೈಯ ದೇವನಾರ್‌ನಲ್ಲಿರುವ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಎಚ್‌ಆರ್ ಕೋರ್ಸಿಗೆ ಪ್ರಯತ್ನಿಸುವುದೇ ಮೇಲು ಎಂದು ನನಗನಿಸುತ್ತದೆ.

ಹೊರಗೇ ಹೋಗುವುದಾದರೆ ಕೋರ್ಸಿಗೆ ಸಿಐಪಿಡಿ ಮಾನ್ಯತೆ ಇದೆಯೇ ನೋಡಿ. ಅಲ್ಲಿನ ಎಚ್‌ಆರ್ ವೃತ್ತಿಯವರ ಸಂಸ್ಥೆ ಅದು. ಮಾನ್ಯತೆ ಸಿಗುವುದು ಕೋರ್ಸಿಗೆ, ಇಡೀ ಯೂನಿವರ್ಸಿಟಿಗಲ್ಲ. ಏಜೆಂಟರ ಮಾತು ಸಾಲದು, ನೀವೇ ಪರಿಶೀಲಿಸಿ. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆ, ಕಾಲೇಜಿನ ಟ್ರಾನ್ಸ್‌ಕ್ರಿಪ್ಟ್ (ಅಂಕಗಳ ದಾಖಲೆ) ಕೆಲಸ ಬೇಗ ಶುರು ಮಾಡಿ.

ಜಾಸ್ತಿ ಎಚ್ಚರ ಬೇಕಾದದ್ದು ದುಡ್ಡಿನ ಕಾಗದಗಳಲ್ಲಿ. ವೀಸಾಕ್ಕೆ ಬಾಕಿ ಫೀಸು ಮತ್ತು 9 ತಿಂಗಳವರೆಗಿನ ಖರ್ಚಿನ ಹಣ ಸತತ 28 ದಿನ ಖಾತೆಯಲ್ಲಿರಬೇಕು. ನಡುವೆ ಒಂದು ದಿನವೂ ಕಮ್ಮಿಯಾಗಬಾರದು. ಖಾತೆ ವಿದ್ಯಾರ್ಥಿಯದ್ದೋ ಅಪ್ಪ ಅಮ್ಮನದ್ದೋ ಆಗಿರಬೇಕು. ಹೋಟೆಲ್ ನಡೆಸುವ ಸೋದರಮಾವ ಎಷ್ಟೇ ಪ್ರೀತಿಯಿಂದ ಮುಂದೆ ಬಂದರೂ ಅವರ ಖಾತೆ ತೋರಿಸುವಂತಿಲ್ಲ. ಶೇರು, ಮ್ಯೂಚುವಲ್ ಫಂಡ್ ಕೂಡ ನಡೆಯುವುದಿಲ್ಲ. ಬ್ಯಾಂಕಿನ ಶಿಕ್ಷಣ ಸಾಲದ ಪತ್ರ ಆಗುತ್ತದೆ.

ಅಪ್ಪ ಅಮ್ಮನ ಹಣ ತೋರಿಸಿದರೆ ಅವರ ಒಪ್ಪಿಗೆ ಪತ್ರದ ಜೊತೆ ಮಗುವಿನ ಜನನ ಪ್ರಮಾಣಪತ್ರವೂ ಬೇಕು. ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿ, ಅಲ್ವಾ? ಹಾಗಾಗಿ ಮಗು ಬೆಳೆದದ್ದು ಮುಂಬೈಯಲ್ಲಾದರೂ ಪತ್ರ ಇರುವುದು ಉಡುಪಿಯಲ್ಲೋ ಕುಂದಾಪುರದಲ್ಲೋ. ಕನ್ನಡದಲ್ಲಿ ಮಾತ್ರ ಇದ್ದರೆ ಪ್ರಮಾಣೀಕೃತ ಇಂಗ್ಲಿಷ್ ಅನುವಾದ ಮಾಡಿಸಿ. ಅಪ್ಪನ ಹೆಸರು ಅಲ್ಲೊಂದು ಥರ, ಪಾಸ್‌ಪೋರ್ಟಿನಲ್ಲಿ ಒಂದು ಥರ ಇದ್ದರೆ ಊರಿಗೆ ಹೋದಾಗಲೇ ಸರಿಪಡಿಸಿಕೊಳ್ಳಿ.

ಯೂನಿವರ್ಸಿಟಿಯಿಂದ ಕ್ಯಾಸ್ ನಂಬರ್ (ಸೀಟು ಖಚಿತ ಎಂದು ತಿಳಿಸುವ ಸಂಖ್ಯೆ) ಬಂದ ಮೇಲೆ ವೀಸಾ ಅರ್ಜಿ. ಅದಕ್ಕೆ ಮೊದಲು ಮಾನ್ಯತೆ ಇರುವ ಕ್ಲಿನಿಕ್‌ನಲ್ಲಿ ಟಿಬಿ ಪರೀಕ್ಷೆ ಆಗಿರಬೇಕು. ಆ ಸರ್ಟಿಫಿಕೇಟ್‌ಗೆ 6 ತಿಂಗಳ ಅವಧಿ.

ಓದು ಮುಗಿದ ಮೇಲೆ ಕೆಲಸ ಹುಡುಕಲು ಗ್ರಾಜುಯೇಟ್ ವೀಸಾ ಇದೆ. 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ ಅದು 2 ವರ್ಷದಿಂದ 18 ತಿಂಗಳಿಗೆ ಇಳಿಯುತ್ತದೆ. ಆದ್ದರಿಂದ ಮೊದಲ ಸೆಮಿಸ್ಟರ್‌ನಲ್ಲೇ ಬ್ರಿಟನ್ ಸರ್ಕಾರದ ವೆಬ್‌ಸೈಟಿನಲ್ಲಿರುವ ಸ್ಪಾನ್ಸರ್ ಕಂಪನಿಗಳ (ಹೊರದೇಶದವರಿಗೆ ಕೆಲಸದ ವೀಸಾ ಕೊಡಿಸಲು ಪರವಾನಗಿ ಇರುವವು) ಪಟ್ಟಿ ತೆರೆದು, ಅಂಥ ಕಂಪನಿಗಳಿಗೇ ಅರ್ಜಿ ಕಳಿಸಲು ಶುರು ಮಾಡಬೇಕು.