ಬಣ್ಣದ ಕೀಬೋರ್ಡ್ ಮೇಲೆ ಹತ್ತು ಬೆರಳು

ಮಕ್ಕಳಿಗೆ ಅಂತ ಮಾರುವ ಬಣ್ಣದ ಕೀಬೋರ್ಡ್‌ಗಳಲ್ಲಿ ಎರಡು ಥರ ಇವೆ. ಒಂದರಲ್ಲಿ ಸ್ವರಗಳಿಗೆ ಒಂದು ಬಣ್ಣ, ವ್ಯಂಜನಗಳಿಗೆ ಒಂದು, ಅಂಕಿಗಳಿಗೆ ಇನ್ನೊಂದು. ಅದು ಅಕ್ಷರ ಗುರುತು ಹಿಡಿಯಲು ಕಲಿಯುವ ಪುಟಾಣಿಗಳಿಗೆ ಸರಿ. ಇನ್ನೊಂದರಲ್ಲಿ ಬಣ್ಣ ಬೆರಳಿಗೆ ಸೇರಿದ್ದು. ಕ್ಯೂ, ಎ, ಝಡ್ ಮೂರೂ ಒಂದೇ ಬಣ್ಣ, ಯಾಕೆಂದರೆ ಮೂರೂ ಎಡಗೈ ಕಿರುಬೆರಳಿನ ಕೆಲಸ. ಟೈಪಿಂಗ್ ಕಲಿಯಲು ಬೇಕಾದ್ದು ಈ ಎರಡನೆಯದು.

ತಂಗಿಯ ಮಗನಿಗೆ ಮುಂಬಯಿಯ ಲ್ಯಾಮಿಂಗ್ಟನ್ ರೋಡಿನಲ್ಲಿ ಹುಡುಕಿ ಇದನ್ನೇ ತಂದೆ. ನಾವಿರುವುದು ಡೊಂಬಿವಲಿಯಲ್ಲಿ. ಅವನು ನಾಲ್ಕನೇ ಕ್ಲಾಸು. ಶಾಲೆಯಲ್ಲಿ ಇಂಗ್ಲಿಷು, ಮರಾಠಿ; ಮನೆಯಲ್ಲಿ ಕನ್ನಡ. ನಾನು ಫೋರ್ಟ್‌ನ ಆಫೀಸೊಂದರಲ್ಲಿ ವರ್ಷಗಟ್ಟಲೆ ಟೈಪಿಸ್ಟ್ ಆಗಿದ್ದವಳು. ಕಲಿಸುವ ಕೆಲಸ ನನ್ನ ಪಾಲಿಗೆ ಬಂತು, ಖುಷಿಯಿಂದ ಒಪ್ಪಿಕೊಂಡೆ.

ಅಂಗಡಿಯಲ್ಲೇ ಸ್ಕೇಲು ಇಟ್ಟು ಅಳೆದೆ. ಮಾಮೂಲಿ ಕೀಬೋರ್ಡಿನಲ್ಲಿ ಒಂದು ಕೀಯ ನಡುವಿನಿಂದ ಪಕ್ಕದ ಕೀಯ ನಡುವಿಗೆ ಸುಮಾರು 19 ಮಿಲಿಮೀಟರ್. ಮಕ್ಕಳದ್ದು ಅಂತ ಕೀಗಳನ್ನು ತುಂಬಾ ದೊಡ್ಡದು ಮಾಡಿರುವುದೂ ಸಿಗುತ್ತದೆ. ಅದರಲ್ಲಿ ಕಲಿತ ಬೆರಳು ನಾಳೆ ಲ್ಯಾಪ್‌ಟಾಪಿನಲ್ಲಿ ತಡವರಿಸುತ್ತದೆ, ಅಲ್ವಾ? ಎಫ್ ಮತ್ತು ಜೆ ಮೇಲಿನ ಸಣ್ಣ ಉಬ್ಬುಗೆರೆಯನ್ನೂ ಮುಟ್ಟಿ ನೋಡಿದೆ. ಎರಡು ತೋರುಬೆರಳು ಕೆಳಗೆ ನೋಡದೆಯೇ ತಮ್ಮ ಜಾಗ ಸೇರುವುದು ಆ ಗೆರೆಯಿಂದಲೇ.

ಮೊದಲ ಕೆಲವು ದಿನ ಬಣ್ಣ ನಿಜಕ್ಕೂ ಕೆಲಸ ಮಾಡಿತು. ನಾವು ಟೈಪಿಂಗ್ ಕ್ಲಾಸಿನಲ್ಲಿ ಯಾವ ಕೀ ಯಾವ ಬೆರಳಿಗೆ ಅಂತ ಗೋಡೆಯ ಚಾರ್ಟ್ ನೋಡಿ ಬಾಯಿಪಾಠ ಮಾಡಿದವರು. ಇವನಿಗೆ ಅದು ಬೇಕಾಗಲಿಲ್ಲ. "ದೊಡ್ಡಮ್ಮ, ಆರ್ ಹಸಿರು, ಟಿ ಕೂಡ ಹಸಿರು, ಎರಡೂ ತೋರುಬೆರಳಾ?" ಅಂತ ಅವನೇ ಕೇಳಿದ. ನಮ್ಮ ಹಳೇ ಪಾಠವನ್ನೇ ಕೊಟ್ಟೆ: ಎ ಎಸ್ ಡಿ ಎಫ್ ಜಿ ಎಫ್, ಸೆಮಿಕೋಲನ್ ಎಲ್ ಕೆ ಜೆ ಎಚ್ ಜೆ. ಇಲ್ಲಿನ ಸರ್ಕಾರಿ ಟೈಪಿಂಗ್ ಪರೀಕ್ಷೆಗೆ ನಿಮಿಷಕ್ಕೆ 30 ಪದ ಬೇಕು. ಅವನ ಹತ್ತಿರ ವೇಗದ ಮಾತೇ ಎತ್ತಿಲ್ಲ.

ಆದರೆ ಬಣ್ಣ ಕಣ್ಣನ್ನು ಕೆಳಗೆ ಎಳೆಯುತ್ತದೆ. ಟೈಪಿಂಗ್ ಕಲಿಯುವುದೆಂದರೆ ಕೆಳಗೆ ನೋಡದಿರುವುದನ್ನು ಕಲಿಯುವುದು. ಬೆರಳುಗಳ ಪಾಲು ಅವನಿಗೆ ಗೊತ್ತಾದ ಮೇಲೆ ಕೈ ಮೇಲೆ ತೆಳು ಟವೆಲ್ ಹೊದಿಸಿದೆ. ಸಿಟ್ಟು ಮಾಡಿಕೊಂಡ. ಆಮೇಲೆ ಎಫ್, ಜೆ ಗೆರೆ ಹುಡುಕುವುದು ಆಟವಾಯಿತು. ಬಣ್ಣವೊಂದನ್ನೇ ನಂಬಿ ತಿಂಗಳುಗಟ್ಟಲೆ ಬಿಡಬೇಡಿ ಅಂತ ನಾನು ಒತ್ತಿ ಹೇಳುತ್ತೇನೆ.

ನನಗೆ ಅತಿ ಹೆಚ್ಚು ಖುಷಿ ಕೊಟ್ಟದ್ದು ಕನ್ನಡ. ಯಾವ ಕೀಗೆ ಯಾವ ಕನ್ನಡ ಅಕ್ಷರ ಅನ್ನುವುದಕ್ಕೆ ಕರ್ನಾಟಕದಲ್ಲಿ ಕೆ. ಪಿ. ರಾವ್ ಅವರ ವಿನ್ಯಾಸ ಜಾಸ್ತಿ ಬಳಕೆಯಲ್ಲಿದೆ. ನಾನು ಬೇಕೆಂದೇ ಇನ್‌ಸ್ಕ್ರಿಪ್ಟ್ ಹಿಡಿದೆ. 1986ರಲ್ಲಿ ಭಾರತೀಯ ಭಾಷೆಗಳಿಗೆಂದು ಬಂದ ವಿನ್ಯಾಸ ಅದು, ವಿಂಡೋಸ್‌ನಲ್ಲೇ ಸಿಗುತ್ತದೆ. ಸ್ವರಗಳು ಎಡಗೈಗೆ, ವ್ಯಂಜನಗಳು ಹೆಚ್ಚಾಗಿ ಬಲಗೈಗೆ. ಕೆ ಒತ್ತಿದರೆ ಕನ್ನಡದಲ್ಲೂ ಮರಾಠಿಯಲ್ಲೂ 'ಕ' ಬರುತ್ತದೆ, ಜೆ ಒತ್ತಿದರೆ 'ರ'. ಎಚ್, ಎಲ್, ಡಿ, ಜೆ ಒತ್ತಿ 'ಪತ್ರ' ಬರೆದ; ಡಿ ಒತ್ತಕ್ಷರ ಕೂಡಿಸುವ ಕೀ. ಭಾಷೆ ಬದಲಿಸಿ ಅದೇ ನಾಲ್ಕು ಕೀ ಒತ್ತಿಸಿದೆ, ಮರಾಠಿಯಲ್ಲಿ 'ಪತ್ರ' ಬಂತು. ಅವನು ಮತ್ತೆ ಮತ್ತೆ ಬದಲಿಸಿ ನೋಡಿದ. ಮುಂಬಯಿಯ ಕನ್ನಡ ಮನೆಯ ಮಗುವಿಗೆ ಇದಕ್ಕಿಂತ ಒಳ್ಳೆಯ ಅನುಕೂಲ ನನಗೆ ಕಾಣಲಿಲ್ಲ. ಕೋತಿ, ಚುಕ್ಕಿ, ಪಕ್ಕ, ಚಿಕ್ಕ, ಎಲ್ಲವೂ ನಡುಸಾಲಿನಲ್ಲೇ ಸಿಗುತ್ತವೆ. ಅಭ್ಯಾಸಕ್ಕೆ ಅರ್ಥವಿಲ್ಲದ ಅಕ್ಷರಗಳ ಬದಲು ಇವನ್ನೇ ಕೊಡುತ್ತೇನೆ. ಕೀಗಳ ಮೇಲೆ ಕನ್ನಡ ಅಚ್ಚಾಗಿಲ್ಲ, ಸ್ಟಿಕರ್ ಕೂಡ ಅಂಟಿಸಿಲ್ಲ. ಬಣ್ಣ ಬೆರಳಿನದ್ದಾದ್ದರಿಂದ ಯಾವ ಭಾಷೆಗೂ ಅದೇ ನಡೆಯುತ್ತದೆ.

ಅಂಕಿಗಳ ಸಾಲು ಇನ್ನೂ ಶುರು ಮಾಡಿಲ್ಲ. ಈ ಕೀಬೋರ್ಡ್ 6ನ್ನು ಎಡಗೈಗೆ ಕೊಟ್ಟಿದೆ, ನಾನು ಕಲಿತದ್ದು ಬಲಗೈಯಲ್ಲಿ. ಎರಡೂ ರೂಢಿಯಲ್ಲಿವೆ. ಅವನ ಬೆರಳು ಇನ್ನಷ್ಟು ಚಾಚುವಂತಾಗಲಿ, ಯಾವ ಕೈ ಹಗುರವೋ ಅದರಲ್ಲೇ ಒತ್ತಿಸುತ್ತೇನೆ.