ಯೂರೋಪಿನಲ್ಲಿ ಗೋ ಆಟಕ್ಕೆ ದುಡ್ಡು ಹೊಂದಿಸೋದು: ನನ್ನ ಅನುಭವ

ಗೋ ಅನ್ನೋ ಬೋರ್ಡ್ ಆಟಕ್ಕೆ ಯೂರೋಪಿನಲ್ಲಿ ದೊಡ್ಡ ದುಡ್ಡು ಬಂದಿದ್ದು ಹೆಚ್ಚಾಗಿ ಪೂರ್ವ ಏಷ್ಯಾದ ದೇಶಗಳಿಂದ. ಫುಜಿಟ್ಸು, ಟೊಯೋಟಾ ಹೆಸರಿನಲ್ಲಿ ಊರೂರು ಸುತ್ತುವ ಟೂರ್ನಮೆಂಟ್‌ಗಳು ನಡೆದವು. ತೈವಾನಿನ ಉದ್ಯಮಿ ಇಂಗ್ ಚಾಂಗ್-ಕಿ ಕೈಬಿಚ್ಚಿ ಕೊಟ್ಟರು. ಆಮೇಲೆ ಚೀನಾದ ಹೂಡಿಕೆ ಬಂತು. ಸ್ಪಾನ್ಸರ್ ಇದ್ದಷ್ಟು ದಿನ ಎಲ್ಲಾ ಜೋರು. ಅವರು ಹೋದ ಮೇಲೆ ಹಾಲ್ ಬಾಡಿಗೆ ಯಾರು ಕಟ್ಟಬೇಕು? ನೆದರ್ಲ್ಯಾಂಡ್ಸ್‌ನ ಒಂದು ಗೋ ಕ್ಲಬ್ಬಿನ ಖಜಾಂಚಿಯಾಗಿ ನಾನು ಯಾವಾಗಲೂ ಕೇಳಿಕೊಳ್ಳುವ ಪ್ರಶ್ನೆ ಇದು. ಆಟದಲ್ಲಿ ನಾನು ಅಷ್ಟಕ್ಕಷ್ಟೆ. ಲೆಕ್ಕ ಬರೆಯೋಕೆ ಬೇರೆ ಯಾರೂ ಒಪ್ಪಲಿಲ್ಲ, ಕೆಲಸ ನನ್ನ ತಲೆಗೆ ಬಂತು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಬೋರ್ಡಿನಲ್ಲಿ 19 ಗೆರೆ ಉದ್ದಕ್ಕೆ, 19 ಗೆರೆ ಅಡ್ಡಕ್ಕೆ. ಗೆರೆಗಳು ಕೂಡುವ 361 ಜಾಗಗಳಲ್ಲಿ ಕಪ್ಪು, ಬಿಳಿ ಕಾಯಿಗಳನ್ನು ಸರದಿಯಂತೆ ಇಡುತ್ತಾ ಹೋಗಬೇಕು. ಜಾಸ್ತಿ ಜಾಗ ಸುತ್ತುಗಟ್ಟಿದವರು ಗೆದ್ದರು. ಕಾಯಿಯ ಪಕ್ಕದ ಖಾಲಿ ಜಾಗವನ್ನೆಲ್ಲ ಎದುರಾಳಿ ಮುಚ್ಚಿದರೆ ಅದು ಸತ್ತಿತು. ಆಡು-ಹುಲಿಯಲ್ಲಿ ಹುಲಿ ಕಟ್ಟಿದವರಿಗೆ ಇದನ್ನು ಬಿಡಿಸಿ ಹೇಳೋದೇ ಬೇಡ.

ಇಲ್ಲಿ ದುಡ್ಡಿನ ಮಾತು ಬಂದರೆ ಜಪಾನಿನ ಪ್ರೊ ಆಟಗಾರ ಇವಾಮೋಟೊ ಕಾವೊರು ಅವರನ್ನು ನೆನೆಯಲೇಬೇಕು. 1945ರ ಆಗಸ್ಟ್ 6ರಂದು ಹಿರೋಶಿಮಾದ ಹೊರವಲಯದಲ್ಲಿ ಅವರು ಜಪಾನಿನ ದೊಡ್ಡ ಗೋ ಪಟ್ಟವಾದ ಹೊನಿಂಬೊಗಾಗಿ ಪಂದ್ಯ ಆಡುತ್ತಿದ್ದರು. ಬಾಂಬ್ ಬಿತ್ತು. ಕಿಟಕಿ ಗಾಜು ಪುಡಿ, ಕಾಯಿಗಳು ಚೆಲ್ಲಾಪಿಲ್ಲಿ. ಅವರೂ ಎದುರಾಳಿಯೂ ಕಾಯಿಗಳನ್ನು ಮತ್ತೆ ಜೋಡಿಸಿಕೊಂಡು ಅವತ್ತೇ ಆಟ ಮುಗಿಸಿದರು. ಮುಪ್ಪಿನಲ್ಲಿ ಈ ಮನುಷ್ಯ ತನ್ನ ದುಡ್ಡನ್ನು ಹೊರದೇಶಗಳಲ್ಲಿ ಗೋ ಕೇಂದ್ರ ಕಟ್ಟಿಸೋಕೆ ಹಾಕಿದರು: ಸಾವೊ ಪಾಲೊ, ನ್ಯೂಯಾರ್ಕ್, ಸಿಯಾಟಲ್, ಮತ್ತೆ 1992ರಲ್ಲಿ ಆಮ್‌ಸ್ಟರ್‌ಡ್ಯಾಮ್ ಪಕ್ಕದ ಆಮ್‌ಸ್ಟಲ್‌ವೇನ್. ಬಹುಮಾನಕ್ಕೆ ಕೊಟ್ಟಿದ್ದರೆ ಆ ದುಡ್ಡು ಕೆಲವೇ ವರ್ಷದಲ್ಲಿ ಕರಗುತ್ತಿತ್ತು. ಕೂತು ಆಡೋಕೆ ಜಾಗ ಕೊಟ್ಟರು ನೋಡಿ, ಅದು ದೊಡ್ಡದು. ಆದರೆ ಖಜಾಂಚಿ ಕಣ್ಣಿಗೆ ಇನ್ನೊಂದೂ ಕಾಣುತ್ತದೆ. ಕಟ್ಟಡ ಕೊಡೋರು ಎಲ್ಲೋ ಒಬ್ಬರು ಸಿಗುತ್ತಾರೆ, ಚಳಿಗಾಲದ ಹೀಟಿಂಗ್ ಬಿಲ್ ಕಟ್ಟೋರು ಸಿಗಲ್ಲ.

ಅದಕ್ಕೇ ನಮ್ಮಲ್ಲಿ ಒಂದು ಕಟ್ಟುಪಾಡು ಮಾಡಿಕೊಂಡೆವು. ಟೂರ್ನಮೆಂಟ್ ನಿಲ್ಲದೆ ನಡೆಯೋಕೆ ಏನೇನು ಬೇಕೋ ಅದೆಲ್ಲ ಆಟಗಾರರ ಎಂಟ್ರಿ ಫೀಯಿಂದಲೇ ಬರಬೇಕು. ಹಾಲ್ ಬಾಡಿಗೆ, ಕಾಫಿ, ರಾಷ್ಟ್ರೀಯ ಸಂಘಕ್ಕೆ ಕೊಡುವ ಪಾಲು, ಇಷ್ಟೇ. ಸ್ಪಾನ್ಸರ್ ದುಡ್ಡು ಅದರ ಮೇಲಿನದಕ್ಕೆ ಮಾತ್ರ: ಪಾಠ ಹೇಳೋಕೆ ಪ್ರೊ ಆಟಗಾರರನ್ನು ಕರೆಸೋದು, ಮಕ್ಕಳಿಗೆ ಫೀ ಬಿಡೋದು. ಸ್ಪಾನ್ಸರ್ ಈ ವರ್ಷ ಬೇಡ ಅಂದರೂ ಶನಿವಾರ ಮೂರು, ಭಾನುವಾರ ಎರಡು ಸುತ್ತು ನಡೆದೇ ನಡೆಯುತ್ತವೆ.

ನಗದು ಬಹುಮಾನದ ಬಗ್ಗೆ ನನಗೆ ಅಷ್ಟು ಒಲವಿಲ್ಲ. ದೊಡ್ಡ ಮೊತ್ತ ಇಟ್ಟರೆ ದೂರದ ಊರಿಂದ ನಾಲ್ಕು ಗಟ್ಟಿ ಆಟಗಾರರು ಬಂದು, ಗೆದ್ದು, ರೈಲು ಹತ್ತುತ್ತಾರೆ. ತಪ್ಪು ಅವರದ್ದಲ್ಲ ಬಿಡಿ. ಇಲ್ಲಿ ಜೋಡಿ ಹಾಕೋದು ಮ್ಯಾಕ್‌ಮಹನ್ ಪದ್ಧತಿಯಲ್ಲಿ. ಸಮಬಲದವರಿಗೆ ಸಮಬಲದವರೇ ಎದುರಾಗುತ್ತಾರೆ, ಹಾಗಾಗಿ ಹೊಸಬನೂ ಐದಕ್ಕೆ ಐದು ಗೆಲ್ಲಬಹುದು. ನಾಲ್ಕು ಗೆದ್ದವರೆಲ್ಲರನ್ನೂ ಹೆಸರು ಹಿಡಿದು ಮುಂದೆ ಕರೆಯುತ್ತೇವೆ. ಮೇಜಿನ ಮೇಲೆ ಚಾಕೊಲೇಟ್, ಅಂಗಡಿಯವರು ಕೊಟ್ಟ ಪುಸ್ತಕ, ವೈನ್ ಬಾಟಲಿ. ಬೇಕಾದ್ದು ಎತ್ತಿಕೊಳ್ಳಬಹುದು. ಕಾಲೇಜು ಹುಡುಗಿಯೊಬ್ಬಳು ವೈನ್ ಬಿಟ್ಟು ಹಳೇ ಜಪಾನಿ ಬೀಸಣಿಗೆ ತೊಗೊಂಡಳು. ಮುಂದಿನ ಟೂರ್ನಮೆಂಟಿಗೆ ಅದನ್ನೇ ಬೀಸಿಕೊಳ್ಳುತ್ತಾ ಬಂದಳು.

ಪ್ರಚಾರದ ಕತೆಯೇ ಬೇರೆ. 2015ರ ಅಕ್ಟೋಬರ್‌ನಲ್ಲಿ ಯೂರೋಪ್ ಚಾಂಪಿಯನ್ ಫಾನ್ ಹುಯಿ ಅವರನ್ನು ಆಲ್ಫಾಗೋ ಅನ್ನೋ ಕಂಪ್ಯೂಟರ್ ಪ್ರೋಗ್ರಾಂ 5-0 ಸೋಲಿಸಿತು. ಮುಂದಿನ ಮಾರ್ಚ್‌ನಲ್ಲಿ ದಕ್ಷಿಣ ಕೊರಿಯಾದ ರಾಜಧಾನಿ ಸೋಲ್‌ನಲ್ಲಿ ಅಲ್ಲಿನ ದಿಗ್ಗಜ ಲೀ ಸೆಡೋಲ್ ವಿರುದ್ಧ 4-1 ಗೆದ್ದಿತು. ಕೋಟಿಗಟ್ಟಲೆ ಸುರಿದರೂ ನಮಗೆ ಅಂಥ ಪ್ರಚಾರ ಸಿಗುತ್ತಿರಲಿಲ್ಲ. ಆದರೆ ಸುದ್ದಿ ನೋಡಿ ಬಂದವರು ಕಂಪ್ಯೂಟರ್ ಬಗ್ಗೆ ನಾಲ್ಕು ಪ್ರಶ್ನೆ ಕೇಳಿ, ಒಂದು ಆಟ ಆಡಿ ಹೋಗುತ್ತಾರೆ. ಅವರನ್ನು ಎರಡನೇ ಸಲ ಕರೆಸೋದು ಕಷ್ಟ ಅಲ್ವಾ? ಜನ ಕೂಡುವ ಜಾಗದಲ್ಲಿ ಸ್ಟಾಲ್ ಹಾಕಿದಾಗ 19 ಗೆರೆಯ ಬೋರ್ಡನ್ನು ನಾನು ಚೀಲದಿಂದ ತೆಗೆಯೋದೇ ಇಲ್ಲ. 9 ಗೆರೆಯ ರಟ್ಟಿನ ಬೋರ್ಡ್ ಸಾಕು. ಮೊದಲು ಎದುರಾಳಿಯ ಒಂದು ಕಾಯಿ ಹಿಡಿದವರು ಗೆದ್ದಂತೆ, ಅಷ್ಟೇ ನಿಯಮ. ಜಪಾನಿನ ಪ್ರೊ ಆಟಗಾರ ಯಸುದಾ ಯಸುತೋಶಿ ಶಿಶುವಿಹಾರದ ಮಕ್ಕಳಿಗೆ ಹೀಗೇ ಕಲಿಸಿ ಇದನ್ನು ಹಬ್ಬಿಸಿದರು. ಭಾಷಣ ಬೇಡ, ಸುಮ್ನೆ ಕೂರಿಸಿ ಆಡಿಸಬೇಕು. ಎರಡು ನಿಮಿಷಕ್ಕೆ ನಗು ಶುರು. ಏಳುವಾಗ ಆ ರಟ್ಟಿನ ಬೋರ್ಡನ್ನೇ ಕೈಗೆ ಕೊಡುತ್ತೇವೆ. ಹಿಂದೆ ಕ್ಲಬ್ಬಿನ ವಿಳಾಸ, ದಿನ ಇರುತ್ತದೆ.

1957ರಿಂದ ನಡೆದುಬಂದ ಯೂರೋಪಿಯನ್ ಗೋ ಕಾಂಗ್ರೆಸ್ ಎರಡು ವಾರದ ಜಾತ್ರೆ. ಅಲ್ಲೂ ಬಂದವರ ಫೀ ಇಲ್ಲದೆ ಗಾಡಿ ಓಡಲ್ಲ. 2014ರಿಂದ ಯೂರೋಪಿಗೆ ತನ್ನದೇ ಪ್ರೊ ಆಟಗಾರರಿದ್ದಾರೆ. ಸ್ಲೊವಾಕಿಯಾದ ಪಾವೊಲ್ ಲಿಸಿ, ಇಸ್ರೇಲಿನ ಅಲಿ ಜಬಾರಿನ್ ಮೊದಲಿಗರು. ಬಹುಮಾನದ ದುಡ್ಡಲ್ಲೇ ಇಲ್ಲಿ ಸಂಸಾರ ತೂಗಿಸೋಕಾಗಲ್ಲ, ಪ್ರೊಗಳಿಗೂ ಶಿಷ್ಯರು ಬೇಕು. ಶಿಷ್ಯರು ಹುಟ್ಟೋದು ಆ ರಟ್ಟಿನ ಬೋರ್ಡಿನ ಮುಂದೆ.

ಈಗ ಯಾರಾದರೂ ಏನು ಕೊಡಲಿ ಅಂತ ಕೇಳಿದರೆ ನಾನು ಮೊದಲು ಹೇಳೋದು ಆಟದ ಗಡಿಯಾರ. ನೆದರ್ಲ್ಯಾಂಡ್ಸ್‌ನ ಎನ್‌ಸ್ಖೆಡೇ ಊರಲ್ಲೇ ಇಂಥ ಗಡಿಯಾರ ಮಾಡುವ ಡಿಜಿಟಿ ಕಂಪನಿ ಇದೆ, ಅವರದ್ದು ವರ್ಷಗಟ್ಟಲೆ ಬಾಳುತ್ತದೆ. ಕೊಟ್ಟವರ ಹೆಸರು ಹಿಂಬದಿಗೆ ಅಂಟಿಸುತ್ತೇವೆ. ಬ್ಯಾಟರಿ ಮಾತ್ರ ಎಂಟ್ರಿ ಫೀ ಲೆಕ್ಕಕ್ಕೇ ಬರೆಯುತ್ತೇನೆ.